ಹದಿನಾಲ್ಕರ ಬಿಲ್ಲು, ಮೂರು ಸುತ್ತಿನ ಶಟರ್

ಕೂರು ಎಂದರೆ ಕೂರುವ ಆಸಾಮಿಯೇ ಅಲ್ಲ ಅವನು. ತೊಟ್ಟಿಲಲ್ಲಿದ್ದಾಗಲೇ ಎದ್ದು ನಿಲ್ಲಲು ನೋಡುತ್ತಿದ್ದನಂತೆ ಎಂದು ಅವನ ಅಕ್ಕ ಹೇಳುತ್ತಾಳೆ. ಅಕ್ಕಂದಿರ ಮಾತಿಗೆ ಸಾಕ್ಷಿ ಕೇಳಬಾರದು. ಬೀದಿಯವರೆಲ್ಲ ಅವನನ್ನು ಕರೆಯುವುದು ಸ್ಪ್ರಿಂಗಣ್ಣ ಎಂದು. ಅಂಗಡಿಗಳ ಶಟರ್ ರಿಪೇರಿ ಮಾಡುವ ಕಸುಬಿನಿಂದ ಆ ಹೆಸರು ಬಂತು ಎಂದು ಅವನು ನಂಬಿಕೊಂಡಿದ್ದಾನೆ. ಹೆಂಡತಿಯನ್ನು ಕೇಳಿದರೆ ಬೇರೆ ಕಾರಣ ಹೇಳುತ್ತಾಳೆ.

ಕಸುಬಿನ ವಿಷಯ ಒಂದಿಷ್ಟು ತಿಳಿದುಕೊಂಡರೆ ಮುಂದಿನದು ಸುಲಭ. ಶಟರ್ ಸುತ್ತಿಕೊಳ್ಳುವ ಪೈಪಿನೊಳಗೆ ಸ್ಪ್ರಿಂಗು ಇರುತ್ತದೆ. ಅದಕ್ಕೆ ಎಷ್ಟು ಸುತ್ತು ಬಿಗಿ ಕೊಡುತ್ತೀರೋ, ಎತ್ತಲು ಶಟರ್ ಅಷ್ಟು ಹಗುರ. ಸುತ್ತು ಕಡಿಮೆಯಾದರೆ ಎತ್ತುವವರ ಸೊಂಟ ಹೋಯಿತು ಅಂತಲೇ ಲೆಕ್ಕ. ಹೆಚ್ಚಾದರೆ ಬೀಗ ತೆಗೆದ ಕೂಡಲೇ ಅದು ತಾನಾಗಿ ಮೇಲಕ್ಕೆ ಹಾರುತ್ತದೆ, ಕುಳ್ಳಗಿದ್ದವರು ಅದನ್ನು ಮತ್ತೆ ಎಳೆಯಲು ಸ್ಟೂಲು ಹುಡುಕಬೇಕು. ಬೇರೆ ರಿಪೇರಿಯವರು ಎಲ್ಲರಿಗೂ ಒಂದೇ ಅಳತೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಸ್ಪ್ರಿಂಗಣ್ಣ ಹಾಗಲ್ಲ. ಏಣಿ ಹತ್ತುವ ಮೊದಲು ಅವನದೊಂದು ಪ್ರಶ್ನೆ ಇರುತ್ತಿತ್ತು: “ದಿನಾ ಇದನ್ನ ಎತ್ತೋ ಕೈ ಯಾರದು?”

ಗಲ್ಲಾಪೆಟ್ಟಿಗೆಯ ಮುಂದೆ ಕೂತ ಯಜಮಾನ ನನ್ನದೇ ಎಂದು ಎದೆಯುಬ್ಬಿಸಿದರೆ ನಂಬುತ್ತಿರಲಿಲ್ಲ. ಬೆಳಿಗ್ಗೆ ಬಂದು ನಿಜವಾಗಿ ಬಾಗಿಲು ತೆಗೆಯುವವರನ್ನು ಕರೆಸುತ್ತಿದ್ದ. ಚೀಲದಿಂದ ಒಂದು ಹಳೆಯ ಬಣ್ಣದ ಡಬ್ಬಿ ತೆಗೆದು ಅವರ ಮುಂದೆ ಇಡುತ್ತಿದ್ದ. ಅದರ ತುಂಬ ತುಕ್ಕು ಹಿಡಿದ ಬೋಲ್ಟು. ಅದನ್ನು ನೆಲದಿಂದ ಭುಜದವರೆಗೆ ಎತ್ತಬೇಕು. ಎಲ್ಲರೂ ಡಬ್ಬಿ ನೋಡಿದರೆ ಇವನು ಮೊಣಕೈ ನೋಡುತ್ತಿದ್ದ. ಅದು ಎಲ್ಲಿ ನಡುಗಿತು ಎಂದು ನೋಡಿ ಸುತ್ತು ನಿರ್ಧರಿಸುತ್ತಿದ್ದ. ಕೆಲಸ ಮುಗಿದ ಮೇಲೆ ಶಟರಿನ ಒಳಮೈಯಲ್ಲಿ ಕಪ್ಪು ಮಾರ್ಕರಿನಿಂದ ಬರೆಯುತ್ತಿದ್ದ: “ಕೈ: ಔಷಧಿ ಅಂಗಡಿ ಅಕ್ಕ. ಸುತ್ತು: ಆರು.” ನಂತರ ಅವರಿಂದ ಒಮ್ಮೆ ಎತ್ತಿಸಿ, ಮೊಣಕೈ ನೋಡಿ, “ಸರಿ ಇದೆ” ಎಂದು ಹೇಳಿ ಹೊರಡುತ್ತಿದ್ದ. ಆ ಎರಡು ಮಾತು ಅವನ ಬಾಯಿಂದ ಬರದೆ ಯಾವ ಕೆಲಸವೂ ಮುಗಿದದ್ದಿಲ್ಲ. ಊರಿನ ಅರ್ಧ ಅಂಗಡಿಗಳ ಒಳಗೆ ಅವನ ಅಕ್ಷರ ಇದೆ.

ಅವನ ಹೆಂಡತಿಯದು ಮನೆಯಿಂದ ಎರಡು ತಿರುವು ಆಚೆ ಜೆರಾಕ್ಸ್ ಅಂಗಡಿ. ಅಲ್ಲಿಯ ಶಟರೂ ಇವನದೇ ಕೆಲಸ. ಅಲ್ಲಿ ಡಬ್ಬಿ ಎತ್ತಿಸಲಿಲ್ಲ. ಸಡಿಲ ಸ್ಪ್ರಿಂಗು ಹೆಚ್ಚು ಕಾಲ ಬಾಳುತ್ತದೆ, ದಿನಾ ಬೆಳಿಗ್ಗೆ ಬಂದು ಎತ್ತುವವನು ತಾನೇ, ತನ್ನ ತೋಳಿಗೇನು ಧಾಡಿ ಎಂದು ಬರೀ ಮೂರು ಸುತ್ತು ಕೊಟ್ಟ. ಒಳಗೆ ಬರೆದ: “ಕೈ: ನಾನು. ಸುತ್ತು: ಮೂರು.” ಹದಿನೇಳು ವರ್ಷ ಎಂಟು ಗಂಟೆಗೆ ಸರಿಯಾಗಿ ಹೋಗಿ ಅದನ್ನು ಎತ್ತಿ ಕೊಟ್ಟು ತನ್ನ ಕೆಲಸಕ್ಕೆ ಹೊರಟ. ಆ ಭಾರ ಅಂಗೈಗೆ ಬಂದಾಗಲೇ ಅವನಿಗೆ ದಿನ ಶುರುವಾದ ಹಾಗೆ.

ಐದು ತಿಂಗಳ ಹಿಂದೆ ಒಂದು ಗೋದಾಮಿನ ಏಣಿಯ ಮೇಲೆ ರೆಂಚು ಜಾರಿತು. ಬಿಗಿದಿದ್ದ ಸ್ಪ್ರಿಂಗು ಒಂದೇ ಏಟಿಗೆ ಬಿಚ್ಚಿಕೊಂಡು ರೆಂಚಿನ ಸಮೇತ ಅವನ ಬಲಗೈಯನ್ನು ತಿರುಚಿ ಎಸೆಯಿತು. ಭುಜದೊಳಗಿನ ನರ, ಪಟ್ಟಿ ಏನೇನೋ ಹರಿದಿವೆ ಎಂದು ಡಾಕ್ಟರಮ್ಮ ಚಿತ್ರ ತೋರಿಸಿದಳು. ಮೂರು ತಿಂಗಳು ಆ ಕೈಯಲ್ಲಿ ಲೋಟ ಸಹ ಎತ್ತಬಾರದು ಎಂದಳು.

ಮೂರು ತಿಂಗಳು! ಅವನಿಗೆ ಮೂರು ದಿನ ಕಳೆಯುವುದೇ ಕಷ್ಟವಾಯಿತು. ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ, ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಸುತ್ತಿದ. ಹಾಲಿನಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ, ಅಲ್ಲಿಂದ ಹಿತ್ತಿಲ ಬಾಗಿಲಿಗೆ ಏಳು ಹೆಜ್ಜೆ ಎಂದು ಎಣಿಸಿ ಮುಗಿಸಿದ. ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಮನೆಯ ಕಿಟಕಿ, ಕಪಾಟು, ಬಾಗಿಲುಗಳ ಕೀಲನ್ನೆಲ್ಲ ಬಿಗಿ ಮಾಡಿದ. ಎಷ್ಟು ಬಿಗಿ ಎಂದರೆ ಸ್ನಾನದ ಮನೆಯೊಳಗೆ ಹೋದ ಮಗಳು ಅರ್ಧ ಗಂಟೆ ಒಳಗೇ ಉಳಿದಳು. ಹೊರಗೆ ಬಂದವಳು ಒದ್ದೆ ತಲೆಯಲ್ಲೇ ಹೇಳಿದಳು, ಅಪ್ಪನಿಗೆ ಏನಾದರೂ ಕೆಲಸ ಕೊಡದಿದ್ದರೆ ಈ ಮನೆ ಉಳಿಯಲ್ಲ ಎಂದು.

ಮಗಳು ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸದವಳು. ಆಫೀಸಿನ ಗೆಳತಿಯರ ಜೊತೆ ಅವಳು ಒಂದು ಆಟ ಆಡುತ್ತಿದ್ದಳು. ಒಬ್ಬರು ಕಥೆ ಹೇಳುತ್ತಾರೆ. ಉಳಿದವರು ಕಥೆಯೊಳಗೆ ಒಬ್ಬೊಬ್ಬರಾಗುತ್ತಾರೆ. ಕಾಡು, ಕೋಟೆ, ರಕ್ಕಸರು, ಮಾಯಾವಿಗಳು ಎಲ್ಲ ಇರುತ್ತಾರೆ. ಬೇಕಾದ್ದನ್ನು ಮಾಡಲು ಹೊರಡಬಹುದು, ಆದರೆ ಆಗುತ್ತದೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ಒಂದು ದಾಳ ಹೇಳುತ್ತದೆ. ಒಂದು ಭಾನುವಾರ ಮಧ್ಯಾಹ್ನ ಅವಳು ಊಟದ ಮೇಜಿನ ಮೇಲೆ ಕೈಯಲ್ಲಿ ಬರೆದ ನಕ್ಷೆ ಹರಡಿ, ಅಮ್ಮನನ್ನೂ ಮಾವನನ್ನೂ ಕೂರಿಸಿ, ಅಪ್ಪನ ಮುಂದೆ ದಾಳ ಇಟ್ಟಳು. ಐವತ್ಮೂರು ವರ್ಷದ ಗಂಡಸು ಮಕ್ಕಳಾಟ ಆಡುವುದೇ ಎಂದು ಅವನು ಮೂಗು ಮುರಿದ. ಆಮೇಲೆ ಎದ್ದು ಹೋಗುವುದಕ್ಕೂ ಜಾಗ ಇಲ್ಲವಲ್ಲ ಎಂದು ಕೂತ.

ಮಾವ ಎಂದರೆ ಇವನ ಹೆಂಡತಿಯ ತಮ್ಮ. ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವುದು ಅವನ ಕೆಲಸ. ತನ್ನ ಮದುವೆಗೆ ಮುಂಚೆ ಎರಡು ವರ್ಷ ಭಾವನ ಜೊತೆ ಏಣಿ ಹತ್ತಿ ಸ್ಪ್ರಿಂಗು ಸುತ್ತಿದವನು. ಆಟದಲ್ಲಿ ಅವನು ಕತ್ತಿವೀರನಾದ. ಎಲ್ಲರಿಗಿಂತ ಉದ್ದದ ಕತ್ತಿ ಅವನದು, ಅಪಾಯ ಬಂದರೆ ಎಲ್ಲರಿಗಿಂತ ಮೊದಲು ಮರ ಹತ್ತಿ ಅಡಗುವವನೂ ಅವನೇ. ಹೆಂಡತಿ ಗಿಡಮೂಲಿಕೆ ಅರೆದು ಗಾಯ ವಾಸಿಮಾಡುವ ಮದ್ದುಗಾತಿಯಾದಳು. ನಿನಗೇನಾಗಬೇಕಪ್ಪಾ ಎಂದು ಮಗಳು ಕೇಳಿದಾಗ ಅವನು ಯೋಚಿಸಲೂ ಇಲ್ಲ. “ತೋಳಿಗೆ ಕೆಲಸ ಇರೋ ಅಂಥದ್ದು ಕೊಡು” ಎಂದ. ಬಿಲ್ಲುಗಾರನಾದ.

ಅಲ್ಲಿಂದ ಹುಚ್ಚು ಹಿಡಿಯಿತು ನೋಡಿ. ಸೋಮವಾರದಿಂದ ಶನಿವಾರದವರೆಗೆ ಅದೇ ಧ್ಯಾನ. ಬೆಳಿಗ್ಗೆ ಹಲ್ಲುಜ್ಜುವಾಗ ಬಾಯಿ ತುಂಬ ನೊರೆ ಇಟ್ಟುಕೊಂಡೇ ಮಗಳನ್ನು ನಿಲ್ಲಿಸಿ, ಆ ಕಣಿವೆಯ ಅಗಲ ಎಷ್ಟು, ಬಾಣ ಅಲ್ಲಿಯವರೆಗೆ ಹೋಗುತ್ತದೆಯೇ ಎಂದು ವಿಚಾರಿಸುತ್ತಿದ್ದ. ಅವಳು ಬಸ್ಸಿಗೆ ತಡವಾಯಿತೆಂದು ಓಡಬೇಕಾಗುತ್ತಿತ್ತು.

ಆಟದಲ್ಲಿ ಎರಡು ಲೆಕ್ಕಗಳಿದ್ದವು. ಒಂದು ಬಿಲ್ಲಿನ ಬಲ, ಅಂದರೆ ಹೆದೆ ಎಳೆಯಲು ಎಷ್ಟು ಗಟ್ಟಿ ಎನ್ನುವುದು. ಇನ್ನೊಂದು ತೋಳಿನ ಬಲ. ಬಿಲ್ಲು ಗಟ್ಟಿಯಾದಷ್ಟೂ ಬಾಣದ ಪೆಟ್ಟು ಜೋರು. ಆದರೆ ಬಿಲ್ಲಿನ ಬಲ ತೋಳಿಗಿಂತ ಎಷ್ಟು ಹೆಚ್ಚಿದೆಯೋ ಅಷ್ಟನ್ನು ದಾಳದಲ್ಲಿ ಬಿದ್ದ ಅಂಕಿಯಿಂದ ಕಳೆಯಬೇಕು. ಕಳೆದು ಉಳಿದದ್ದು ಹನ್ನೆರಡೋ ಅದಕ್ಕಿಂತ ಹೆಚ್ಚೋ ಆದರೆ ಬಾಣ ತಾಗಿತು, ಇಲ್ಲವಾದರೆ ಗಾಳಿಗೆ ಹೋಯಿತು. ಪ್ರತಿ ಭಾನುವಾರ ಆಟ ಮುಗಿದಾಗ ಒಬ್ಬೊಬ್ಬರಿಗೂ ಮೂರು ಅಂಕ ಸಿಗುತ್ತಿತ್ತು. ತೋಳನ್ನು ಒಂದು ಮೆಟ್ಟಿಲು ಏರಿಸಲು ಆ ಮೂರೂ ಬೇಕು. ಬಿಲ್ಲನ್ನು ಒಂದು ಮೆಟ್ಟಿಲು ಏರಿಸಲು ಒಂದೇ ಸಾಕು.

ಶುರುವಿನಲ್ಲಿ ಅವನ ತೋಳು ಒಂಬತ್ತು, ಬಿಲ್ಲು ಎಂಟು. ಎರಡನೆಯ ಭಾನುವಾರ ಬಿಲ್ಲು ಹನ್ನೊಂದಾಯಿತು. ಮೂರನೆಯದಕ್ಕೆ ಹದಿನಾಲ್ಕು. ತೋಳು ಒಂಬತ್ತರಲ್ಲೇ ನಿಂತಿತ್ತು. ಹದಿನೇಳೋ ಅದಕ್ಕಿಂತ ಹೆಚ್ಚೋ ಬಿದ್ದರೆ ಮಾತ್ರ ಬಾಣ ತಾಗುವ ಸ್ಥಿತಿ ಬಂತು. ಹದಿನೇಳು ದಿನಾ ಬೀಳಲು ಅದೇನು ಅವನ ಚಿಕ್ಕಪ್ಪನ ದಾಳವೇ? ಬಾಣಗಳು ಒಂದೊಂದಾಗಿ ಪೊದೆಗೆ, ಹೊಳೆಗೆ, ಒಮ್ಮೆ ಕತ್ತಿವೀರ ಕೂತ ಮರಕ್ಕೂ ಹೋದವು. ದಾಳ ಒಂದು ಕಡೆ ಸವೆದಿದೆ, ಮೇಜು ವಾಲಿದೆ ಎಂದು ಇವನ ತಕರಾರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಭಾಮೈದ ಗೊಣಗಿದ. ಸ್ಪ್ರಿಂಗಣ್ಣ ಎದ್ದು ಹೋಗಿ ಮೇಜಿನ ಕಾಲಿಗೆ ರಟ್ಟಿನ ಚೂರು ಇಟ್ಟು ಬಂದ.

ಅಂಕವನ್ನು ತೋಳಿಗೆ ಹಾಕಪ್ಪಾ ಎಂದು ಮಗಳು ಎಷ್ಟು ಹೇಳಿದರೂ ಕೇಳಲಿಲ್ಲ. ಹದಿನಾಲ್ಕರ ಮೇಲೆ ಇದ್ದದ್ದು ಹದಿನೇಳರ ಮಾಯಾಬಿಲ್ಲು ಒಂದೇ, ಅದಕ್ಕೆ ಒಟ್ಟಿಗೆ ಅರವತ್ತು ಅಂಕ ಬೇಕು; ಆಮೇಲೆ ಸಿಕ್ಕಿದ ಅಂಕವನ್ನೆಲ್ಲ ಅದಕ್ಕೆಂದು ಕೂಡಿಟ್ಟ. “ತೋಳು ಬರುತ್ತೆ ಕಣೇ” ಎಂದ. “ಬಂದಾಗ ಬಿಲ್ಲು ಸಿದ್ಧ ಇರಬೇಕು.”

ಅದು ಬರೀ ಆಟದ ಮಾತಾಗಿರಲಿಲ್ಲ. ವ್ಯಾಯಾಮಕ್ಕೆಂದು ಡಾಕ್ಟರಮ್ಮ ಐದು ಬಣ್ಣದ ರಬ್ಬರ್ ಪಟ್ಟಿಗಳನ್ನು ಕೊಟ್ಟಿದ್ದಳು. ಹಳದಿ ತೀರ ಮೆತ್ತಗಿನದು, ಕಪ್ಪು ಎಲ್ಲಕ್ಕಿಂತ ಗಟ್ಟಿ. ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಎಳೆಯಬೇಕು, ಒಂದು ಬಣ್ಣಕ್ಕೆ ಮೂರು ವಾರ. ಹಳದಿ ಪಟ್ಟಿ ನೋಡಿದರೆ ಅವನಿಗೆ ಅವಮಾನವಾಗುತ್ತಿತ್ತು. ಮಕ್ಕಳು ಜಡೆಗೆ ಕಟ್ಟಿಕೊಳ್ಳುವಂಥದ್ದು ಅದು. ಎರಡನೆಯ ವಾರವೇ ಅದನ್ನು ಡ್ರಾಯರಿಗೆ ಎಸೆದು ಕಪ್ಪನ್ನು ಕಟ್ಟಿದ. ಹೆಂಡತಿ ಅಂಗಡಿಗೆ, ಮಗಳು ಆಫೀಸಿಗೆ ಹೋದ ಮೇಲೆ ರೂಮಿನ ಬಾಗಿಲು ಹಾಕಿಕೊಂಡು ಹಲ್ಲು ಕಚ್ಚಿ ಎಳೆದ. ಕೈ ಬಂದೇಬರುತ್ತದೆ, ಎಂಟು ಗಂಟೆಗೆ ಹೋಗಿ ಶಟರ್ ಎತ್ತಿಯೇ ಎತ್ತುತ್ತೇನೆ ಎಂಬ ಹಟ. ಮೂರನೆಯ ತಿಂಗಳು ಮುಗಿಯುವ ಹೊತ್ತಿಗೆ ಒಳಗೆ ಏನೋ ಮತ್ತೆ ಪಟ್ಟನೆ ಹರಿಯಿತು. ಯಾರಿಗೂ ಹೇಳಲಿಲ್ಲ. ಮೂರು ತಿಂಗಳಿದ್ದದ್ದು ನಾಲ್ಕಾಯಿತು, ಐದಾಯಿತು.

ಈ ಶುಕ್ರವಾರ ಮತ್ತೆ ತೋರಿಸಲು ಒಬ್ಬನೇ ಹೋದ. ಡಾಕ್ಟರಮ್ಮ ಕೈಯನ್ನು ಮೇಲೆ, ಕೆಳಗೆ, ಹಿಂದೆ ತಿರುಗಿಸಿ ನೋಡಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಡಾಕ್ಟರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರೆ ಒಳ್ಳೆಯದಕ್ಕಲ್ಲ ಎಂದು ಅವನಿಗೆ ಆಗಲೇ ಗೊತ್ತಾಯಿತು. ಊಟ ಮಾಡಬಹುದು, ತಲೆ ಬಾಚಬಹುದು, ಅಂಗಿ ಹಾಕಿಕೊಳ್ಳಬಹುದು. ಆದರೆ ಭುಜಕ್ಕಿಂತ ಮೇಲೆ ಕೈ ಎತ್ತಿ ಭಾರ ಹಿಡಿಯುವ ಕೆಲಸವನ್ನು ಇನ್ನು ಮರೆತುಬಿಡಬೇಕು ಎಂದಳು. ಎಷ್ಟು ದಿನ ಎಂದು ಕೇಳಿದ. ದಿನದ ಪ್ರಶ್ನೆ ಅಲ್ಲ ಎಂದಳು.

ಮನೆಗೆ ಬರುವ ದಾರಿಯಲ್ಲಿ ಬಸ್ಸು ಹತ್ತಲಿಲ್ಲ, ನಡೆದ. ಎರಡೂ ಕಡೆಯ ಅಂಗಡಿಗಳ ಶಟರ್ ನೋಡುತ್ತ ನಡೆದ. ಇದು ಐದು ಸುತ್ತು, ಅದು ಏಳು, ಆ ಮೂಲೆಯದು ಎರಡು ಬಾರಿ ಸ್ಪ್ರಿಂಗು ಬದಲಾಯಿಸಿದ್ದು. ಎದೆಯೊಳಗೆ ದೊಡ್ಡ ಭಯ ಕೂತಿತ್ತು. ಶಟರ್ ಎತ್ತದ ಸ್ಪ್ರಿಂಗಣ್ಣ ಯಾರಿಗೆ ಬೇಕು? ಮನೆಯಲ್ಲಿ ಹೆಂಡತಿ ಏನಂದರು ಎಂದು ಕೇಳಿದಳು. ಇನ್ನೊಂದು ತಿಂಗಳಂತೆ ಎಂದ. ಸದ್ಯ ಎಂದು ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಆ ಉಸಿರು ಅಷ್ಟು ಉದ್ದ ಯಾಕೆ ಎಂದು ಅವನು ಯೋಚಿಸಲಿಲ್ಲ, ತನ್ನ ಸುಳ್ಳು ನಂಬಿದಳಲ್ಲ ಎಂದು ಸಮಾಧಾನಪಟ್ಟ.

ಎರಡು ದಿನ ಬಿಟ್ಟು ಭಾನುವಾರ ಆಟಕ್ಕೆ ಕೂತಾಗ ಅವನ ಕಾಲು ಮೇಜಿನ ಕೆಳಗೆ ಒಂದೇ ಸಮನೆ ಅಲುಗುತ್ತಿತ್ತು. ಚಹಾ ಲೋಟಗಳು ಗಲಗಲ ಎನ್ನುತ್ತಿದ್ದವು. ಮಗಳು ಕಥೆ ಶುರು ಮಾಡಿದಳು. ಮೂವರೂ ಕಣಿವೆ ದಾಟಿ ಹಳೆಯ ಕೋಟೆಯ ಒಳಗೆ ಸೇರಿದ್ದಾರೆ. ಹಿಂದಿನಿಂದ ರಕ್ಕಸರ ದಂಡು ಬರುತ್ತಿದೆ. ಕೋಟೆಯ ಬಾಗಿಲು ಒಂದು ದೊಡ್ಡ ಕಲ್ಲಿನ ಚಪ್ಪಡಿ. ಅದನ್ನು ಹಗ್ಗದಲ್ಲಿ ಮೇಲಕ್ಕೆ ಎಳೆದು ಕಟ್ಟಿದ್ದಾರೆ. ಹಗ್ಗ ಕತ್ತರಿಸಿದರೆ ಚಪ್ಪಡಿ ಬಿದ್ದು ಬಾಗಿಲು ಮುಚ್ಚುತ್ತದೆ, ಇವರು ಉಳಿಯುತ್ತಾರೆ. ಅಷ್ಟೆತ್ತರದ ಹಗ್ಗಕ್ಕೆ ತಾಗುವುದು ಬಾಣ ಒಂದೇ. ತೂಕ ಸರಿದೂಗಿಸುವ ಎದುರುಭಾರ ಇಲ್ಲದೆ ಇಂಥ ಬಾಗಿಲು ಕೂರಿಸಿದವನು ಯಾವ ದಡ್ಡ ಎಂದು ಸ್ಪ್ರಿಂಗಣ್ಣ ಕಸುಬಿನ ಸಿಟ್ಟಿನಲ್ಲಿ ಕೇಳಿದ.

ಬಿಲ್ಲುಗಾರ ಗೋಡೆ ಹತ್ತಿ ಗುರಿ ಹಿಡಿಯಲು ಹೊರಟ. ಹತ್ತುವುದಕ್ಕೂ ದಾಳ ಹಾಕಬೇಕು. ಬಿದ್ದದ್ದು ಒಂದು. ಒಂದಕ್ಕಿಂತ ಕೆಟ್ಟದ್ದು ಆ ಆಟದಲ್ಲಿ ಇಲ್ಲ. ಗೋಡೆಯ ಕಲ್ಲು ಕಿತ್ತು ಬಂತು, ಬಿಲ್ಲುಗಾರ ಕೆಳಗೆ ಬಿದ್ದ, ಕಲ್ಲು ಅವನ ಬಲಗೈ ಮೇಲೆ ಬಿತ್ತು ಎಂದು ಕಥೆಯ ಓಟದಲ್ಲಿ ಹೇಳಿಬಿಟ್ಟ ಮಗಳು ತಕ್ಷಣ ನಾಲಗೆ ಕಚ್ಚಿಕೊಂಡಳು. ಬೇಕಾದರೆ ಬದಲಾಯಿಸುತ್ತೇನೆ ಅಪ್ಪಾ ಎಂದಳು. ಬೇಡ, ದಾಳ ಹೇಳಿದ ಮೇಲೆ ಮುಗಿಯಿತು ಎಂದು ಅವನು ಬಿರುಸಾಗಿ ಹೇಳಿ ಎದ್ದುನಿಂತ. ಅಡುಗೆಮನೆಯವರೆಗೆ ಹನ್ನೊಂದು ಹೆಜ್ಜೆ ಹೋಗಿ ಹನ್ನೊಂದು ಹೆಜ್ಜೆ ವಾಪಸು ಬಂದ.

ಕತ್ತಿವೀರ ಎಂದಿನಂತೆ ಅಡಗಿ ಕೂತಿದ್ದ. ಉಳಿದವಳು ಮದ್ದುಗಾತಿ. ಹೆಂಡತಿ ಮೆಲ್ಲಗೆ ತಾನು ಬಿಲ್ಲು ಎತ್ತಿಕೊಳ್ಳುತ್ತೇನೆ ಎಂದಳು. ಅವಳ ತೋಳು ಆರು, ಬಿಲ್ಲು ಹದಿನಾಲ್ಕು. ಎಂಟು ಕಳೆಯಬೇಕು. ಇಪ್ಪತ್ತೇ ಬೀಳಬೇಕು, ಬೇರೆ ಯಾವುದೂ ಆಗದು. ಅವಳು ದಾಳವನ್ನು ಅಂಗೈಯಲ್ಲಿ ಬಹಳ ಹೊತ್ತು ಹಿಡಿದಿದ್ದು ಬಿಟ್ಟಳು. ಅದು ನಕ್ಷೆಯ ಮೇಲೆ ಉರುಳಿ, ಲೋಟಕ್ಕೆ ತಾಗಿ ನಿಂತಿತು. ಹತ್ತೊಂಬತ್ತು.

ಒಂದು ಕಡಿಮೆ. ಅವನ ಮೊದಲಿನ ಎಂಟರ ಬಿಲ್ಲಾಗಿದ್ದರೆ ಹತ್ತೊಂಬತ್ತಕ್ಕೆ ಆ ಹಗ್ಗ ಎರಡು ತುಂಡಾಗುತ್ತಿತ್ತು. ಇದು ಮೇಜಿನ ಸುತ್ತ ಇದ್ದ ನಾಲ್ವರಿಗೂ ಗೊತ್ತಿತ್ತು. ಸ್ಪ್ರಿಂಗಣ್ಣನಿಗೆ ತಡೆಯಲಾಗಲಿಲ್ಲ. ಎರಡು ದಿನದಿಂದ ಒಳಗೆ ಬಿಗಿದಿದ್ದದ್ದೆಲ್ಲ ತಪ್ಪು ಜಾಗದಲ್ಲಿ ಬಿಚ್ಚಿಕೊಂಡಿತು.

“ಇನ್ನೊಂಚೂರು ಎಳೆದಿದ್ರೆ ಆಗ್ತಿತ್ತು” ಎಂದ. “ಒಂದೇ ಒಂಚೂರು. ಅಷ್ಟೂ ಆಗಲಿಲ್ವಾ ನಿನ್ನ ಕೈಲಿ?”

ಹೆಂಡತಿ ದಾಳದಿಂದ ಕಣ್ಣು ತೆಗೆಯಲಿಲ್ಲ. “ದಿನಾ ಬೆಳಿಗ್ಗೆ ಎತ್ತುತಾ ಇದೀನಲ್ಲ ರೀ” ಎಂದಳು. “ನನ್ನ ಕೈಲಿ ಇರೋದು ಇಷ್ಟೇ.”

ಅವನಿಗೆ ಅರ್ಥವಾಗಲಿಲ್ಲ. ಏನು ಎತ್ತುವುದು ಎಂದು ಕೇಳಿದ. ಅವಳು ಲೋಟಗಳನ್ನು ಒಟ್ಟು ಮಾಡತೊಡಗಿದಳು. ಭಾಮೈದ ಅಕ್ಕನ ಮುಖ ನೋಡಿದ, ಭಾವನ ಮುಖ ನೋಡಿದ. ಬೀದಿಬೀದಿ ಸುತ್ತಿ ಮೀಟರ್ ಓದುವವನ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ. “ಶಟರ್, ಭಾವ” ಎಂದ. “ಮೊದಲು ಒಂದು ಕಬ್ಬಿಣದ ಸರಳು ಹಾಕಿ ಮೀಟಿ ಮೊಣಕಾಲಿನ ತನಕ ತರ್ತಾಳೆ. ಆಮೇಲೆ ಕೆಳಗೆ ನುಗ್ಗಿ ಬೆನ್ನು ಕೊಡ್ತಾಳೆ. ನಾನು ಆ ಬೀದೀಲಿ ಇದ್ದ ದಿನ ಎತ್ತಿ ಕೊಡ್ತೀನಿ. ಇಲ್ಲದ ದಿನ ಅವಳೇ. ನಿಮಗೆ ಹೇಳಬೇಡ ಅಂತ ಆಣೆ ಹಾಕಿಸಿದ್ದಾಳೆ.”

ಸ್ಪ್ರಿಂಗಣ್ಣನ ಕಾಲು ಅಲುಗುವುದು ನಿಂತಿತು. ಐದು ತಿಂಗಳಲ್ಲಿ ಅವನು ಅಂಗಡಿಗೆ ಹೋಗದೆ ಇರಲಿಲ್ಲ. ಹೋದದ್ದೆಲ್ಲ ಮಧ್ಯಾಹ್ನ, ಶಟರ್ ಆಗಲೇ ಮೇಲಿರುತ್ತಿತ್ತು. ಮುಚ್ಚುವಾಗ ತೊಂದರೆಯಿಲ್ಲ, ಸಡಿಲ ಶಟರ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಬೆಳಿಗ್ಗೆ ಎಂಟು ಗಂಟೆಗೆ ಅವಳು ಕಬ್ಬಿಣದ ಕೆಳಗೆ ಬೆನ್ನು ಕೊಡುವ ಹೊತ್ತಿಗೆ ತಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕಪ್ಪು ಪಟ್ಟಿ ಎಳೆಯುತ್ತಿದ್ದೆ ಎನ್ನುವುದು ಅವನಿಗೆ ಈಗ ಹೊಳೆಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗಾದೆ ಇದೆ. ಅದನ್ನು ಅವನು ಬೇರೆಯವರ ಮೇಲೆ ಎಷ್ಟೋ ಸಲ ಪ್ರಯೋಗಿಸಿದ್ದ.

ಯಾಕೆ ಹೇಳಲಿಲ್ಲ ಎಂದು ಕೇಳಿದ. ದನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು. ಹೇಳಿದ್ದರೆ ಮುರಿದ ಕೈಯಲ್ಲೇ ಏಣಿ ಹತ್ತುತ್ತಿದ್ದಿರಿ ಎಂದಳು ಹೆಂಡತಿ. ಬೇರೆ ರಿಪೇರಿಯವನನ್ನು ಕರೆಸಿದರೆ ಸ್ಪ್ರಿಂಗಣ್ಣನ ಹೆಂಡತಿ ಅಂಗಡಿಗೇ ಬೇರೆಯವನು ಬಂದ ಎಂದು ಬೀದಿ ನಗುತ್ತಿತ್ತು, ಅದನ್ನು ನೀವು ತಡೆಯುತ್ತಿರಲಿಲ್ಲ ಎಂದಳು. ಆಮೇಲೆ ಲೋಟಗಳನ್ನು ಮತ್ತೆ ಮೇಜಿನ ಮೇಲೆ ಇಟ್ಟು, “ನೀವೇ ಹೇಳಿದ್ರಲ್ಲ ಇನ್ನೊಂದು ತಿಂಗಳು ಅಂತ” ಎಂದಳು. “ಐದು ತಿಂಗಳು ಎತ್ತಿದೀನಿ, ಇನ್ನೊಂದು ಎತ್ತೋಕಾಗಲ್ವಾ?”

ಆ ಮಾತು ಅವನನ್ನು ಹಿಡಿದು ನಿಲ್ಲಿಸಿತು. ಆ ಉದ್ದ ಉಸಿರು ಯಾಕೆಂದು ಈಗ ತಿಳಿಯಿತು. ಸುಳ್ಳು ಹೇಳಿ ತನ್ನ ಮಾನ ಉಳಿಸಿಕೊಂಡೆ ಎಂದುಕೊಂಡಿದ್ದ. ಆ ಒಂದು ತಿಂಗಳು ಮುಗಿದ ಮೇಲೆ ಇನ್ನೊಂದು ಎನ್ನುತ್ತಿದ್ದ, ಅದು ಮುಗಿದ ಮೇಲೆ ಮತ್ತೊಂದು. ಅಷ್ಟೂ ದಿನ ಇವಳು ಬೆನ್ನು ಕೊಡುತ್ತಲೇ ಇರುತ್ತಿದ್ದಳು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

“ಒಂದು ತಿಂಗಳಲ್ಲ ಕಣೇ” ಎಂದ. “ಶುಕ್ರವಾರ ಸುಳ್ಳು ಹೇಳಿದೆ. ಈ ಕೈ ಇನ್ನು ಮೇಲೆ ಏಳಲ್ಲ. ಊಟಕ್ಕೆ, ಅಂಗಿಗೆ ಅಷ್ಟೇ ಅಂತೆ. ಕೆಲಸಕ್ಕಿಲ್ಲ.”

ಮಗಳು ಪೆನ್ಸಿಲ್ ಕೆಳಗಿಟ್ಟಳು. ಹೆಂಡತಿ ಬಂದು ಅವನ ಪಕ್ಕ ನಿಂತು, ಏಳದ ಆ ಭುಜದ ಮೇಲೆ ಕೈ ಇಟ್ಟಳು. ಅವನು ತಡೆಯಲಾರದೆ ಎದ್ದು ಹಿತ್ತಿಲಿಗೆ ಹೋಗಿ, ಐದು ತಿಂಗಳಿಂದ ಮುಟ್ಟದ ಕೆಲಸದ ಚೀಲವನ್ನು ಎಡಗೈಯಲ್ಲಿ ಎಳೆದು ತಂದ. ಭಾಮೈದನಿಗೆ ಏಣಿ ಹೊರು ಎಂದ.

ಭಾನುವಾರದ ಬೀದಿ ಖಾಲಿಯಿತ್ತು. ನಾಲ್ವರೂ ಅಂಗಡಿಯ ಮುಂದೆ ನಿಂತರು. ಬಾಗಿಲ ಪಕ್ಕದ ಸಂದಿಯಲ್ಲಿ ಅವಳು ಇಟ್ಟುಕೊಂಡಿದ್ದ ಕಬ್ಬಿಣದ ಸರಳು ಕಂಡಿತು. ಹಿಡಿಯುವ ತುದಿಗೆ ಹಳೆಯ ಬಟ್ಟೆ ಸುತ್ತಿತ್ತು. ಅವನು ಅದನ್ನು ನೋಡಿ ಮುಖ ತಿರುಗಿಸಿದ. ಚೀಲದಿಂದ ಬೋಲ್ಟಿನ ಡಬ್ಬಿ ತೆಗೆದು ಹೆಂಡತಿಯ ಮುಂದೆ ಇಟ್ಟ. ಹದಿನೇಳು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ ಇನ್ನೂ ಬಾಕಿ ಇತ್ತು. ಅದನ್ನು ಕೇಳಿದರೆ ಎಂಟು ಗಂಟೆಯ ಕೆಲಸ ಇನ್ನು ತನ್ನದಲ್ಲ ಎಂದು ಒಪ್ಪಿಕೊಂಡ ಹಾಗೆ.

“ದಿನಾ ಇದನ್ನ ಎತ್ತೋ ಕೈ ಯಾರದು?” ಎಂದು ಕೇಳಿದ.

ಅವಳು ಬಾಗಿ ಡಬ್ಬಿ ಎತ್ತಿದಳು. ಸೊಂಟದ ಮಟ್ಟಕ್ಕೆ ಬರುವಷ್ಟರಲ್ಲೇ ಮೊಣಕೈ ನಡುಗಿತು. ಅವನು ಎಷ್ಟು ಜನರ ಮೊಣಕೈ ನೋಡಿದ್ದನೋ ಲೆಕ್ಕವಿಲ್ಲ. ಮದುವೆಯಾಗಿ ಇಪ್ಪತ್ತೇಳು ವರ್ಷವಾದ ಹೆಂಡತಿಯದನ್ನು ಅಂದು ಮೊದಲ ಸಲ ನೋಡಿದ. ಇಳಿಸು, ಸಾಕು ಎಂದ. ಆರೂವರೆ ಸುತ್ತು ಎಂದು ಭಾಮೈದನಿಗೆ ಹೇಳಿದ.

ಭಾಮೈದ ಏಣಿ ಹತ್ತಿದ. ಕೆಳಗೆ ನಿಂತು ಹೇಳಿಕೊಡುವುದು ಸ್ಪ್ರಿಂಗಣ್ಣನಿಗೆ ಜೀವಾವಧಿ ಶಿಕ್ಷೆಯಂತಾಯಿತು. ಕ್ಲಾಂಪು ಹಿಡಿ, ಮುಖ ಪಕ್ಕಕ್ಕೆ ಇಟ್ಟುಕೋ, ಎರಡನೇ ರೆಂಚು ಕೂರೋ ತನಕ ಮೊದಲನೇದು ಬಿಡಬೇಡ ಎಂದು ಬಾಯಿ ಬಡಿದುಕೊಳ್ಳುತ್ತಿತ್ತು. ಎಡಗೈ ಬಲಗೈಯನ್ನು ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡಿತ್ತು. ನಾಲ್ಕನೆಯ ಸುತ್ತಿಗೆ ಏಣಿಯ ಮೊದಲ ಮೆಟ್ಟಿಲ ಮೇಲೆ ಅವನ ಕಾಲು ಹೋಗಿಯೇಬಿಟ್ಟಿತ್ತು. ಮಗಳು ಅಂಗಿ ಹಿಡಿದು ಎಳೆದಳು. ಸುಮ್ಮನೆ ನಿಲ್ಲಲು ಏನಾದರೂ ಮಾತಾಡಬೇಕಾಗಿ ಅವನು ಅವಳನ್ನು ಕೇಳಿದ, ಆಟದಲ್ಲಿ ಬಿಲ್ಲಿನ ಬಲ ಇಳಿಸಲು ಆಗುತ್ತದೆಯೇ ಎಂದು. ಆಗುತ್ತೆ ಅಪ್ಪಾ, ಹಾಕಿದ ಅಂಕ ಮಾತ್ರ ವಾಪಸು ಬರಲ್ಲ ಎಂದಳು. ಅವನು ಸ್ವಲ್ಪ ಹೊತ್ತು ಮೇಲೆ ತಿರುಗುತ್ತಿದ್ದ ಪೈಪನ್ನು ನೋಡಿದ. ಹೋದರೆ ಹೋಗಲಿ, ನಿಮ್ಮಮ್ಮನಿಗೆ ಎಳೆಯಲು ಬರುವಷ್ಟಕ್ಕೆ ಇಳಿಸು ಎಂದ.

ಬಿಗಿ ಮುಗಿಯಿತು. ಹೆಂಡತಿ ಬೀಗ ತೆಗೆದು ಹಿಡಿಗೆ ಕೈ ಹಾಕಿದಳು. ಅಭ್ಯಾಸಬಲದಿಂದ ಮೊಣಕಾಲು ಮಡಿಸಿ ಬೆನ್ನು ಬಗ್ಗಿಸಿದಳು. ಶಟರ್ ಅವಳ ಕೈಯೊಂದಿಗೇ ಎದ್ದು ಬಂತು. ಅವಳು ಬೆಚ್ಚಿ ನಕ್ಕಳು. ಒಳಗೆ ಜೆರಾಕ್ಸ್ ಮೆಷೀನು, ಪೇಪರ್ ಕಟ್ಟುಗಳು, ಗೋಡೆಗೆ ಒರಗಿದ ಸ್ಟೂಲು ಕಂಡವು. ಭಾನುವಾರವೂ ಅಂಗಡಿ ತೆರೆಯಿತೇ ಎಂದು ಎದುರು ಮನೆಯ ಹೆಂಗಸು ಕಿಟಕಿಯಿಂದ ಕೇಳಿದಳು.

ಮೊದಲಿನ ಬರಹದ ಸಾಲು ಕಾಣುವಂತೆ ಅವನು ಶಟರನ್ನು ಅರ್ಧಕ್ಕೆ ಇಳಿಸಿ ನಿಲ್ಲಿಸಲು ಹೇಳಿ, ಎಲ್ಲರ ಜೊತೆ ಒಳಗೆ ಬಗ್ಗಿ ಬಂದ. “ಕೈ: ನಾನು. ಸುತ್ತು: ಮೂರು.” ಹದಿನೇಳು ವರ್ಷದಲ್ಲಿ ಕಪ್ಪು ಮಾಸಿ ಕಂದಾಗಿತ್ತು. ಮೆಷೀನು ಒರೆಸುವ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಅದನ್ನು ಎಡಗೈಯಲ್ಲಿ ಉಜ್ಜಿದ. ಎರಡು ಮೂರು ಸಲ ಉಜ್ಜಿದ ಮೇಲೆ ಹೋಯಿತು. ಮಾರ್ಕರ್ ತೆಗೆದುಕೊಂಡು ಎಡಗೈಯಲ್ಲಿ ಬರೆಯಲು ನೋಡಿದ, ಮೊದಲ ಅಕ್ಷರವೇ ಕೋಳಿ ಕೆದರಿದ ಹಾಗೆ ಬಂತು. ಹೆಂಡತಿ ಅವನ ಕೈಯಿಂದ ಮಾರ್ಕರ್ ತೆಗೆದುಕೊಂಡಳು. ಏನು ಬರೆಯಲಿ ಎಂದು ಕೇಳಲೂ ಇಲ್ಲ. ಅಂಗಡಿಗೆ ಬಂದವರಿಗೆಲ್ಲ ಅರ್ಜಿ ಬರೆದು ಬರೆದು ಪಳಗಿದ ದುಂಡಗಿನ ಅಕ್ಷರದಲ್ಲಿ ಬರೆದಳು: “ಕೈ: ನನ್ನದು. ಸುತ್ತು: ಆರೂವರೆ.”

ಅವನು ಓದಿದ. ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ, ಯಾರೂ ಕೂರು ಎನ್ನದೆಯೇ, ಕೂತ. ಪೂರ್ತಿ ಇಳಿಸಿ ಇನ್ನೊಂದು ಸಲ ಎತ್ತು ಎಂದು ಹೆಂಡತಿಗೆ ಹೇಳಿದ. ಅವಳು ಇಳಿಸಿ, ಎತ್ತಿದಳು. ಮಗಳೂ ಭಾಮೈದನೂ ಶಟರ್ ನೋಡಿದರು. ಅವನು ಮೊಣಕೈ ನೋಡಿದ.

ನಡುಗಲಿಲ್ಲ.

“ಸರಿ ಇದೆ” ಎಂದ.